ಎಂಜಿನ್ ಆಮೇಲೆ, ಮೊದಲು ಬೋಟಿನ ತೊಲೆ ನೋಡಿ

ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ಗಾಡಿಯ ಕಂಪ್ರೆಸರ್, ಎಲ್ಲವನ್ನೂ ಬಿಚ್ಚಿ ಕಟ್ಟಿದ್ದೇನೆ. ಬೋಟಿನ ಎಂಜಿನ್ ಮಾತ್ರ ಮುಟ್ಟಿರಲಿಲ್ಲ. ಅಕ್ಕನ ಮಗ ದುಬೈನಲ್ಲಿ ಆರು ವರ್ಷ ದುಡಿದು ಊರಿಗೆ ಬಂದ. ಅಲ್ಲಿ ರಜೆಯ ದಿನಗಳಲ್ಲಿ ವೇಕ್‌ಬೋರ್ಡಿಂಗ್ ಕಲಿತಿದ್ದ. ಎರಡೂ ಕಾಲನ್ನು ಒಂದೇ ಹಲಗೆಗೆ ಬೂಟಿನ ಹಾಗೆ ಬಿಗಿದುಕೊಂಡು, ಬೋಟು ಎಳೆಯುವ ಹಗ್ಗ ಹಿಡಿದು, ಬೋಟಿನ ಹಿಂದೆ ಏಳುವ ಅಲೆ ಹತ್ತಿ ಹಾರುವ ಆಟ ಅದು. "ಮಾಮ, ನಮ್ಮ ಹುಡುಗರಿಗೂ ಇದನ್ನ ಕಲಿಸಬೇಕು. ಹಳೇ ಬೋಟು ನೋಡೋಣ, ನೀವು ಜೊತೆಗಿದ್ರೆ ಧೈರ್ಯ" ಅಂದ.

ಅವನು, ಅವನ ಗೆಳೆಯ, ನಾನು, ಮೂವರೂ ಸೇರಿ ಹನ್ನೆರಡು ಲಕ್ಷ ಹೊಂದಿಸಿದೆವು. ಬೋಟು, ಸಾಗಾಣಿಕೆ, ರಿಪೇರಿ ಎಲ್ಲಾ ಅದರಲ್ಲೇ ಆಗಬೇಕಿತ್ತು. ಈ ಆಟಕ್ಕೆಂದೇ ಮಾಡಿದ ಹೊಸ ಬೋಟಿಗೆ ಅಮೆರಿಕದಲ್ಲೇ ಒಂದು ಲಕ್ಷ ಡಾಲರ್‌ಗಿಂತ ಜಾಸ್ತಿ. ಹಾಗಾಗಿ ಇಪ್ಪತ್ತು-ಮೂವತ್ತು ವರ್ಷ ಹಳೆಯದೇ ನಮ್ಮ ದಾರಿ.

ಇನ್‌ಬೋರ್ಡ್ ಯಾಕೆ, ಹಿಂದೆ ನೇತುಹಾಕುವ ಔಟ್‌ಬೋರ್ಡ್ ಮೋಟಾರಿನ ಬೋಟು ಅಗ್ಗ ಅಲ್ವಾ ಅಂತ ತುಂಬಾ ಜನ ಕೇಳಿದರು. ಅಗ್ಗ ಹೌದು. ಆದರೆ ಇನ್‌ಬೋರ್ಡಿನಲ್ಲಿ ಎಂಜಿನ್ ಬೋಟಿನ ಒಳಗಿರುತ್ತದೆ, ಪ್ರೊಪೆಲ್ಲರ್ ತಳದ ಕೆಳಗೆ ಅಡಗಿರುತ್ತದೆ. ನೀರಿಗೆ ಬಿದ್ದವನು ಹಿಂಬದಿಯಿಂದ ಹತ್ತುವಾಗ ಪ್ರೊಪೆಲ್ಲರ್ ಅವನ ಕಾಲಿನ ಮುಂದೆಯೇ ಇರುವುದಿಲ್ಲ. ಹತ್ತಿಸಿಕೊಳ್ಳುವಾಗ ಎಂಜಿನ್ ಆಫ್ ಮಾಡಲೇಬೇಕು, ಆ ಮಾತು ಬೇರೆ. ಆದರೂ ಕಲಿಯುವ ಮಕ್ಕಳನ್ನು ನೀರಿಗೆ ಇಳಿಸುವಾಗ ನನಗೆ ಇದೊಂದೇ ಕಾರಣ ಸಾಕಿತ್ತು.

ಇನ್‌ಬೋರ್ಡಿನಲ್ಲಿ ಎರಡು ಬಗೆ. ಡೈರೆಕ್ಟ್ ಡ್ರೈವ್‌ನಲ್ಲಿ ಎಂಜಿನ್ ಬೋಟಿನ ನಡುವೆ ಕೂರುತ್ತದೆ, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ನೇರ ಹಿಂದಕ್ಕೆ ಹೋಗುತ್ತದೆ. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂದೆ ಇರುತ್ತದೆ, ಶಾಫ್ಟ್ ಮುಂದಕ್ಕೆ ಬಂದು ಗೇರ್‌ಬಾಕ್ಸಿನಲ್ಲಿ ಮಡಚಿಕೊಂಡು ಮತ್ತೆ ಹಿಂದಕ್ಕೆ ಹೋಗುತ್ತದೆ. ಹಿಂದೆ ಭಾರ ಜಾಸ್ತಿ ಆದ್ದರಿಂದ ಅಲೆ ದೊಡ್ಡದು, ವೇಕ್‌ಬೋರ್ಡಿಗೆ ಅದೇ ಬೇಕು. ಆದರೆ ಬೆಲೆಯೂ ದೊಡ್ಡದು. ಹಳೇ ಡೈರೆಕ್ಟ್ ಡ್ರೈವ್ ಬೋಟುಗಳು ವಾಟರ್ ಸ್ಕೀಯಿಂಗ್‌ಗೆ ಅಂತ ಮಾಡಿದವು, ಅಲೆ ಬೇಕಂತಲೇ ಚಿಕ್ಕದಾಗಿರುತ್ತದೆ. ಅಕ್ಕನ ಮಗನಿಗೆ ವಿ-ಡ್ರೈವ್ ಮೇಲೆ ಆಸೆ. ನಾನು ಒಪ್ಪಲಿಲ್ಲ. ಮೊದಲ ಎರಡು ವರ್ಷ ಎದ್ದು ನಿಲ್ಲುವುದನ್ನು ಕಲಿಯುವವರಿಗೆ ಚಿಕ್ಕ ಅಲೆಯೇ ಒಳ್ಳೆಯದು. ಆಮೇಲೆ ಬೇಕೆನಿಸಿದರೆ ನೀರಿನ ಚೀಲ ಇಟ್ಟು ಭಾರ ಹೆಚ್ಚಿಸಬಹುದು.

ಮೊದಲ ಬೋಟು ಗೋವಾದಲ್ಲಿ. ಫೋಟೋದಲ್ಲಿ ಮಿರಮಿರ ಮಿಂಚುತ್ತಿತ್ತು. ಐದು ಪಾಯಿಂಟ್ ಏಳು ಲೀಟರಿನ ವಿ-8 ಪೆಟ್ರೋಲ್ ಎಂಜಿನ್, ಅಮೆರಿಕದ ಷೆವ್ರೊಲೆ ಕಾರು, ಪಿಕಪ್‌ಗಳಲ್ಲಿ ದಶಕಗಟ್ಟಲೆ ಬಂದ ಅದೇ ಬ್ಲಾಕ್. ನೋಡಿದ ತಕ್ಷಣ ನನಗೆ ಸಮಾಧಾನ ಆಯಿತು, ಇದು ನನ್ನ ಕೈಗೆ ಬರುವ ಕೆಲಸ ಅಂತ. ಆದರೆ ಕವರ್ ತೆಗೆದು ಎಂಜಿನ್ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಸತ್ಯ ಇರುತ್ತದೆ. ಮಾರುವವರಿಗೆ ಹಿಂದಿನ ದಿನವೇ ಹೇಳಿಬಿಡಿ, ನಾವು ಬಂದ ಮೇಲೆ ಸ್ಟಾರ್ಟ್ ಮಾಡಿ ಅಂತ.

ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್ ತೆಗೆದೆ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಅಂದರೆ ಒಳಗೆ ನೀರು ಸೇರಿದೆ. ಇಂಥ ಬಹಳಷ್ಟು ಬೋಟುಗಳಲ್ಲಿ ರೇಡಿಯೇಟರ್ ಇರುವುದಿಲ್ಲ. ಬೋಟು ತೇಲುವ ನೀರನ್ನೇ ಪಂಪು ಎಳೆದು ಎಂಜಿನ್ನಿನೊಳಗೆ ಹರಿಸಿ, ಸೈಲೆನ್ಸರ್ ಮೂಲಕ ಹೊರಗೆ ಬಿಡುತ್ತದೆ. ಕೆರೆ ನೀರಾದರೆ ತೊಂದರೆ ಇಲ್ಲ. ಸಮುದ್ರದ ನೀರಾದರೆ ಉಪ್ಪು ಒಳಗಿಂದ ತಿನ್ನುತ್ತಾ ಹೋಗುತ್ತದೆ, ಮೊದಲು ಹೋಗುವುದು ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಆ ಬೋಟಿನ ಒಂದು ಹೋಸ್ ಬಿಚ್ಚಿದೆ. ಬಾಯಿಯ ಸುತ್ತ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು, ಬೆರಳಿನಿಂದ ಕೆರೆದರೆ ತುಕ್ಕಿನ ಪದರ ಹಪ್ಪಳದ ಹಾಗೆ ಮುರಿದು ಬಂತು. ನಮ್ಮ ದೇಶದಲ್ಲಿ ಮಾರಾಟಕ್ಕೆ ಸಿಗುವ ಬೋಟುಗಳಲ್ಲಿ ಕರಾವಳಿಯವೇ ಜಾಸ್ತಿ. ಅದಕ್ಕೇ ಹೇಳುತ್ತೇನೆ, ಯಾವ ವರ್ಷದ್ದು, ಎಷ್ಟು ಗಂಟೆ ಓಡಿದೆ ಅಂತ ಕೇಳುವ ಮೊದಲು ಯಾವ ನೀರಿನಲ್ಲಿ ಓಡಿದೆ ಅಂತ ಕೇಳಿ.

ಎರಡನೆಯದು ನನ್ನ ಕಣ್ಣು ತೆರೆಸಿದ ಬೋಟು. ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಎಂಟೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ನೋಡಿದೆ, 140ರಿಂದ 150 ಪಿಎಸ್‌ಐ ಒಳಗೆ, ಒಂದಕ್ಕೊಂದು ಹತ್ತಿರ. ಒಂದರಿಂದ ಒಂದಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಎಂಜಿನ್ ಗಟ್ಟಿ ಅಂತಲೇ ಲೆಕ್ಕ. ಮನಸ್ಸಿನಲ್ಲಿ ಆಗಲೇ ಅಡ್ವಾನ್ಸ್ ಕೊಟ್ಟಾಗಿತ್ತು. ಅಕ್ಕನ ಮಗ ಮಾತ್ರ "ಮಾಮ, ಎಂಜಿನ್ ಮೌಂಟಿನ ಬೋಲ್ಟ್ ಒಂದ್ಸಲ ತಿರುಗಿಸಿ ನೋಡಿ" ಅಂದ.

ಮನೆಯ ಸೂರಿಗೆ ತೊಲೆ ಇದ್ದ ಹಾಗೆ ಬೋಟಿನ ತಳಕ್ಕೆ ಉದ್ದುದ್ದ ತೊಲೆಗಳಿರುತ್ತವೆ. ಸ್ಟ್ರಿಂಗರ್ ಅನ್ನುತ್ತಾರೆ. ಎಂಜಿನ್ ಕೂರುವುದು ಅದರ ಮೇಲೆ. ಹಳೇ ಬೋಟುಗಳು ಹಲವದರಲ್ಲಿ ಅದು ಮರ, ಮೇಲೆ ಫೈಬರ್ ಹೊದಿಕೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮರ ಕೊಳೆಯುತ್ತಿರುತ್ತದೆ. ಸ್ಪ್ಯಾನರ್ ಇಟ್ಟು ಬಿಗಿ ಮಾಡಲು ಹೋದೆ. ಬೋಲ್ಟ್ ಬಿಗಿಯಾಗಲೇ ಇಲ್ಲ. ಸುಮ್ನೆ ಸುತ್ತುತ್ತಿತ್ತು, ಒದ್ದೆ ಮಣ್ಣಿಗೆ ಮೊಳೆ ಚುಚ್ಚಿದ ಹಾಗೆ. ಎರಡೇ ಬೆರಳಲ್ಲಿ ಎಳೆದರೆ ಕೈಗೆ ಬಂತು. ಅದರ ಹಲ್ಲಿನ ನಡುವೆ ಕಪ್ಪು ಹುಡಿ, ಮೂಸಿದರೆ ಮುಗ್ಗಲು ವಾಸನೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಗೇಣು ಗೇಣಿಗೂ ತಟ್ಟುತ್ತಾ ಹೋದೆವು, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ. ಕೊಳೆತಲ್ಲಿ ದಬ್ ಅನ್ನುತ್ತದೆ. ಅರ್ಧಕ್ಕರ್ಧ ದಬ್ ಅಂತಲೇ ಬಂತು.

ಎಂಜಿನ್ ಕೆಟ್ಟರೆ ನಾನು ಕಟ್ಟಿಕೊಡಬಲ್ಲೆ. ತೊಲೆ ಕೊಳೆತರೆ ಎಂಜಿನ್ ಇಳಿಸಬೇಕು, ತಳದ ಹಾಸು ಪೂರ್ತಿ ಕೊಯ್ದು ತೆಗೆಯಬೇಕು, ತೊಲೆ ಹೊಸದಾಗಿ ಹಾಕಿ ಫೈಬರ್ ಹೊದಿಸಬೇಕು. ಬೋಟಿನ ಬೆಲೆಯಷ್ಟೇ ಖರ್ಚು, ತಿಂಗಳುಗಟ್ಟಲೆ ಕೆಲಸ. ಇಪ್ಪತ್ತೆರಡು ವರ್ಷ ಎಂಜಿನ್ ನೋಡಿದವನ ಕಣ್ಣು ಎಂಜಿನ್ ಮೇಲೇ ಹೋಗುತ್ತದೆ. ಬೋಟಿನಲ್ಲಿ ಆ ಕಣ್ಣು ಸಾಲದು ಅಂತ ಅವತ್ತು ಗೊತ್ತಾಯಿತು. ಸ್ಕೀ ನಾಟಿಕ್ ಅನ್ನುವ ಅಮೆರಿಕದ ಬೋಟುಗಳಲ್ಲಿ 1993ರ ಮಾಡೆಲ್‌ನಿಂದ ಮರ ಬಿಟ್ಟು ಫೈಬರ್ ತೊಲೆ ಹಾಕಿದ್ದಾರೆ. ಹಳೆಯದು ಹುಡುಕುವವರು ಇಂಥ ವಿವರ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಮೂರನೆಯದು ಪುಣೆ ಕಡೆಯದು. ಅಣೆಕಟ್ಟೆಯ ಸಿಹಿನೀರಿನಲ್ಲೇ ಓಡಿದ, ಹತ್ತೊಂಬತ್ತು ಅಡಿಯ ಡೈರೆಕ್ಟ್ ಡ್ರೈವ್. ಸೀಟುಗಳು ಹರಿದಿದ್ದವು, ಬಣ್ಣ ಮಾಸಿತ್ತು, ಮೀಟರಿನಲ್ಲಿ 931 ಗಂಟೆ. ಬೆಲೆ ಎಂಟು ಲಕ್ಷಕ್ಕೆ ಇಳಿಯಿತು. ಬೋಲ್ಟ್‌ಗಳು ಬಿಗಿ, ತಟ್ಟಿದಲ್ಲೆಲ್ಲಾ ಟಣ್. ಹಗ್ಗ ಕಟ್ಟುವ ಎತ್ತರದ ಟವರ್ ಕೂಡ ಇತ್ತು. ಅದರ ಬುಡದ ಸುತ್ತ ಫೈಬರಿನಲ್ಲಿ ಬಿರುಕು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿದೆವು, ಇರಲಿಲ್ಲ. ಆಮದಿನ ಕಾಗದ, ನೋಂದಣಿ ಕಾಗದ ಎರಡೂ ಕೇಳಿ ಪಡೆದೆವು. 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಎಂಜಿನ್ ಇರುವ ಬೋಟಿಗೆ ನೋಂದಣಿಯೂ ಬೇಕು, ತಪಾಸಣೆಯ ಸರ್ಟಿಫಿಕೇಟೂ ಬೇಕು. ಕಾಗದ ಇಲ್ಲದ ಬೋಟು ಎಷ್ಟೇ ಅಗ್ಗವಾದರೂ ಬೇಡ.

ಲಾರಿ ಮೇಲೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ನಮ್ಮ ಗ್ಯಾರೇಜಿಗೆ ಬಂತು. ಸುತ್ತಲಿನ ಅಂಗಡಿಯವರೆಲ್ಲಾ ನೋಡಲು ಬಂದರು. ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಬೋಟಿನ ಸುತ್ತ ಕೂತು ಮಾತಾಡಿದ ಆ ಸಂಜೆ ಚೆನ್ನಾಗಿತ್ತು.

ರಿಪೇರಿಯಲ್ಲಿ ಒಂದು ತಪ್ಪು ಮಾಡುತ್ತಿದ್ದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿತ್ತು, ಕಾರಿನದ್ದೇ ಹಾಕಿಬಿಡೋಣ ಅಂತ ತಂದಿಟ್ಟಿದ್ದೆ. ಅಕ್ಕನ ಮಗ ತಡೆದ. ಕಾರಿನ ಎಂಜಿನ್ ಕೆಳಗೆ ತೆರೆದಿರುತ್ತದೆ, ಪೆಟ್ರೋಲ್ ಆವಿ ಗಾಳಿಗೆ ಹೋಗುತ್ತದೆ. ಬೋಟಿನಲ್ಲಿ ಆವಿ ತಳದಲ್ಲೇ ಕೂರುತ್ತದೆ. ಅದಕ್ಕೇ ಬೋಟಿನ ಆಲ್ಟರ್ನೇಟರ್, ಸ್ಟಾರ್ಟರ್ ಎರಡನ್ನೂ ಕಿಡಿ ಹೊರಗೆ ಬಾರದ ಹಾಗೆ ಮಾಡಿರುತ್ತಾರೆ. ಬೋಟಿನದೇ ತರಿಸಿದೆವು, ತಡವಾದರೂ ಸರಿ ಅಂತ. ಸ್ಟಾರ್ಟ್ ಮಾಡುವ ಮೊದಲು ಆ ಆವಿ ಹೊರಹಾಕುವ ಬ್ಲೋವರ್ ಫ್ಯಾನ್ ನಾಲ್ಕೈದು ನಿಮಿಷ ಓಡಿಸಿ, ಮೂಗು ಹಾಕಿ ವಾಸನೆ ನೋಡಿಯೇ ಕೀ ತಿರುಗಿಸಬೇಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ತಡೆಯುವುದಿಲ್ಲ, ಅವನ್ನೂ ಪೂರ್ತಿ ಬದಲಾಯಿಸಿದೆ.

ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಹೊಸದು ಹಾಕಿದೆವು. ನೀರಿಲ್ಲದೆ ಒಂದೆರಡು ನಿಮಿಷ ಓಡಿದರೂ ಅದು ಸುಟ್ಟುಹೋಗುತ್ತದೆ. ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡುವಾಗ ಡ್ರಮ್ಮಿನಿಂದ ನೀರು ಕೊಟ್ಟೇ ಓಡಿಸಿದೆ. ಶಾಫ್ಟನ್ನು ಹರಿಹರಕ್ಕೆ ಒಯ್ದೆ. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಊರು, ಲೇತ್ ಬಲ್ಲ ಕೈಗಳು ಇನ್ನೂ ಇವೆ. ಅಲ್ಲಿನ ಹಿರಿಯರೊಬ್ಬರು ಲೇತಿಗೆ ಕಟ್ಟಿ ಡಯಲ್ ಇಟ್ಟು ನೋಡಿ, "ಶಾಫ್ಟ್ ನೆಟ್ಟಗಿದೆ, ಹೋಗಪ್ಪ" ಅಂದಾಗ ಅರ್ಧ ಭಾರ ಇಳಿಯಿತು. ಶಾಫ್ಟ್ ತಳದಿಂದ ಹೊರಹೋಗುವ ಜಾಗದಲ್ಲಿ ನಮ್ಮ ಪಂಪ್‌ಸೆಟ್ಟಿನ ಹಾಗೇ ನೀರು ತಡೆಯುವ ಗ್ಲ್ಯಾಂಡ್ ರೋಪ್ ಇರುತ್ತದೆ. ಓಡುವಾಗ ತೊಟ್ಟು ತೊಟ್ಟು ನೀರು ಬರಬೇಕು. ಪೂರ್ತಿ ಬಿಗಿದರೆ ಶಾಫ್ಟ್ ಸವೆಯುತ್ತದೆ. ಇದು ನಮ್ಮ ರೈತರಿಗೆಲ್ಲಾ ಗೊತ್ತಿರುವ ವಿಷಯವೇ.

ನಾವು ಬೋಟು ಓಡಿಸಲು ಆರಿಸಿಕೊಂಡ ವಾಣಿವಿಲಾಸ ಸಾಗರದ ನೀರು ಕುಡಿಯುವ ನೀರು. ಹಿರಿಯೂರು, ಚಿತ್ರದುರ್ಗದ ಮನೆಗಳಿಗೆ ಹೋಗುತ್ತದೆ. ಜಲಾಶಯ ನೋಡಿಕೊಳ್ಳುವ ಇಲಾಖೆಯ ಅನುಮತಿ ಪತ್ರ ಕೈಗೆ ಬರುವ ತನಕ ಬೋಟನ್ನು ನೀರಿಗೆ ತೋರಿಸಲಿಲ್ಲ. ಎಂಜಿನ್ ಕೆಳಗೆ ಆಯಿಲ್ ಹೀರುವ ಬಟ್ಟೆ ಹಾಸಿದ್ದೇನೆ. ಪ್ರತಿ ಸಲ ತೆಗೆದು ನೋಡುತ್ತೇನೆ. ಒಂದು ಕಲೆ ಕಂಡರೂ ಅವತ್ತು ಬೋಟು ಇಳಿಯುವುದಿಲ್ಲ.

1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಗಿಡ-ಮರ ಈಗ ನೀರಡಿ ಇವೆ. ಇನ್‌ಬೋರ್ಡಿನ ಪ್ರೊಪೆಲ್ಲರ್, ರೆಕ್ಕೆ ಎಲ್ಲಾ ತಳದ ಕೆಳಗೆ ಚಾಚಿರುತ್ತವೆ, ಔಟ್‌ಬೋರ್ಡಿನ ಹಾಗೆ ಮೇಲಕ್ಕೆ ಎತ್ತಲು ಆಗುವುದಿಲ್ಲ. ಒಂದು ಕೊಂಬೆ ತಾಗಿದರೆ ಶಾಫ್ಟ್ ಬಾಗಿತು ಅಂತಲೇ ತಿಳಿಯಿರಿ. ಒಬ್ಬ ಮೀನುಗಾರ ಅಣ್ಣನ ತೆಪ್ಪದಲ್ಲಿ ಕೂತು, ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಾ ಎರಡು ದಿನ ಆಳ ಅಳೆದೆವು. "ಈ ಕಡೆ ಬ್ಯಾಡ ಸಾ, ಜಾಲಿ ಐತೆ" ಅಂತ ಅವರು ಕೈ ತೋರಿಸಿದ ಕಡೆ ನಾವು ಇವತ್ತಿಗೂ ಹೋಗುವುದಿಲ್ಲ. ಅವರ ಬಲೆ ಇರುವ ಕಡೆಗೂ ಹೋಗುವುದಿಲ್ಲ.

ಬೋಟು ನೀರಿಗೆ ಇಳಿದ ಮೇಲೆ ಒಂದು ದಿನ ಬಿಟ್ಟು ಶಾಫ್ಟ್ ಮತ್ತು ಗೇರ್‌ಬಾಕ್ಸ್ ಕೂಡುವ ಕಪ್ಲಿಂಗ್ ನೋಡಿದೆ. ನೆಲದ ಮೇಲೆ ನೋಡಿದರೆ ಅಳತೆ ತಪ್ಪುತ್ತದೆ, ತೇಲುವಾಗ ಬೋಟಿನ ತಳ ಸ್ವಲ್ಪ ಬೇರೆ ಥರ ಕೂರುತ್ತದೆ. ಸಂದು ಅಳೆಯುವ ಫೀಲರ್ ಗೇಜಿನಲ್ಲಿ ಸುತ್ತಲೂ ಇಂಚಿನ ಸಾವಿರದಲ್ಲಿ ಮೂರು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಎಂಟಿತ್ತು. ಮೌಂಟು ಏರಿಸಿ ಇಳಿಸಿ ಸರಿ ಮಾಡುವುದಕ್ಕೆ ಅರ್ಧ ದಿನ ಹಿಡಿಯಿತು. ಆಮೇಲೆ ಅದುರುವಿಕೆ ನಿಂತೇಹೋಯಿತು.

ಮೊದಲ ದಿನ ಅಕ್ಕನ ಮಗ ಎದ್ದು ನಿಂತ. ನಾನು ಹಿಂದಕ್ಕೆ ತಿರುಗಿ ಕೂತು ಅವನ ಮೇಲೇ ಕಣ್ಣಿಟ್ಟಿದ್ದೆ. ಬೋಟು ಓಡಿಸುವವನು ಒಬ್ಬ, ನೋಡುವವನು ಇನ್ನೊಬ್ಬ, ಇದರಲ್ಲಿ ರಾಜಿ ಇಲ್ಲ. ಎಂಜಿನ್ ಓಡುವಾಗ ಬೋಟಿನ ಹಿಂದಿನ ಹಲಗೆಯ ಮೇಲೆ ಯಾರೂ ಕೂರುವಂತಿಲ್ಲ, ಅಲ್ಲಿ ಸೇರುವ ಹೊಗೆಗೆ ವಾಸನೆ ಗೊತ್ತಾಗುವ ಮೊದಲೇ ಪ್ರಾಣ ಹೋಗಬಹುದು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗ, ಇಪ್ಪತ್ತು ಮೀಟರ್ ಹಗ್ಗ. ಎರಡು ನೀರಿನ ಚೀಲ ಇಟ್ಟಿದ್ದೆವು, ಒಂದೊಂದು 180 ಲೀಟರ್, ಅಂದರೆ ಅಷ್ಟೇ ಕಿಲೋ. ಬೋಟಿನ ಪ್ಲೇಟಿನಲ್ಲಿ ಬರೆದ ಗರಿಷ್ಠ ಭಾರದಲ್ಲಿ ಚೀಲವೂ ಸೇರುತ್ತದೆ, ಚೀಲ ಇಟ್ಟ ದಿನ ಜನ ಕಡಿಮೆ ಮಾಡುತ್ತೇವೆ. ಅವನು ಅಲೆ ಹತ್ತಿ ಸಣ್ಣಗೆ ಹಾರಿ ಇಳಿದಾಗ ದಡದಲ್ಲಿದ್ದ ಹುಡುಗರು ಸಿಳ್ಳೆ ಹಾಕಿದರು.

ಪೆಟ್ರೋಲ್ ಗಂಟೆಗೆ ಹದಿನೆಂಟು-ಇಪ್ಪತ್ತು ಲೀಟರ್ ಕುಡಿಯುತ್ತದೆ. ಕೊಳ್ಳುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಮೀಟರ್ ಈಗ 968 ತೋರಿಸುತ್ತಿದೆ. ಸಾವಿರ ಗಂಟೆ ಆಗುವಷ್ಟರಲ್ಲಿ ಶಾಫ್ಟಿನ ರಬ್ಬರ್ ಬುಶ್ ಬದಲಾಯಿಸಬೇಕು, ತರಿಸಿ ಗ್ಯಾರೇಜಿನ ಕಪಾಟಿನಲ್ಲಿ ಇಟ್ಟಿದ್ದೇನೆ.