ಐದು ದೂರು, ಒಂದು ಡಿಕ್ಕಿ: ನನ್ನ ಅನುಭವ

ಹೋದ ವರ್ಷ ದೀಪಾವಳಿಗೆ ಹದಿನೈದು ದಿನ ಇರುವಾಗ ತಿಪಟೂರಿನ ಕೊಬ್ಬರಿ ಯಜಮಾನರೊಬ್ಬರು ತಮ್ಮ ದೊಡ್ಡ ಕಾರನ್ನು ತುಮಕೂರಿನ ನಮ್ಮ ಶೆಡ್ಡಿಗೆ ತಂದು ನಿಲ್ಲಿಸಿದರು. ಬಟನ್ ಒತ್ತಿದರೆ ಮೋಟಾರಿನಿಂದ ತಾನೇ ತೆರೆದು ಮುಚ್ಚುವ ಅದರ ಡಿಕ್ಕಿ ಬಾಗಿಲು ಕೆಟ್ಟಿತ್ತು. ಅಷ್ಟೊತ್ತಿಗೆ ಮೂರು ಕಡೆ ತೋರಿಸಿ ಆಗಿತ್ತು. ಒಬ್ಬರು ಮಾಡ್ಯೂಲ್, ಅಂದರೆ ಬಾಗಿಲನ್ನು ನಡೆಸುವ ಕಂಪ್ಯೂಟರ್ ಡಬ್ಬಿ, ಹೋಗಿದೆ ಅಂದಿದ್ದರು. ಇನ್ನೊಬ್ಬರು ಬಾಗಿಲನ್ನು ಎತ್ತಿ ಇಳಿಸುವ ಎರಡೂ ಮೋಟಾರ್ ಶಾಕ್ ಹೊಸದು ಹಾಕಬೇಕು ಅಂದಿದ್ದರು. ಎಲ್ಲ ಸೇರಿ 95 ಸಾವಿರದ ಹತ್ತಿರ ಎಸ್ಟಿಮೇಟ್. ಕಾರಿನ ಹೆಸರು ಬೇಡ ಬಿಡಿ. ಈ ತೊಂದರೆ ಇಂಥ ಡಿಕ್ಕಿ ಇರುವ ಯಾವ ಕಾರಿಗೂ ಬರಬಹುದು.

ನಾನು ಒಪ್ಪಿಕೊಂಡಾಗ ಪಕ್ಕದ ಶೆಡ್ಡಿನ ಗೆಳೆಯರೇ ನಕ್ಕರು. 'ಅದು ವೈರ್ ಕಟ್ಟೋ ಕೆಲಸ ಅಲ್ಲಪ್ಪ, ಕಂಪ್ಯೂಟರ್ ಕೆಲಸ' ಅಂದರು. ಹನ್ನೊಂದು ತಿಂಗಳಾಯಿತು, ಆ ಡಿಕ್ಕಿ ಇವತ್ತಿಗೂ ಸರಿಯಾಗಿ ತೆರೆದು ಮುಚ್ಚುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಜಮಾನರ ದೂರು ಕೇಳಿದರೆ ತಲೆ ಕೆಡುತ್ತಿತ್ತು. ಸ್ಟೇರಿಂಗ್ ಹತ್ತಿರದ ಬಟನ್ ಒತ್ತಿದರೆ ಬರೀ ಬೀಪ್, ಬಾಗಿಲು ಅಲ್ಲಾಡಲ್ಲ. ಕೀಲಿಯ ಬಟನ್ ಒತ್ತಿ ಹಿಡಿದರೆ ತೆರೆಯುತ್ತೆ, ಆದರೆ ಎದೆ ಮಟ್ಟಕ್ಕೆ ಬಂದು ನಿಲ್ಲುತ್ತೆ. ಬಾಗಿಲ ಅಂಚಿನ ಮುಚ್ಚುವ ಬಟನ್ ಒತ್ತಿದರೆ ಸ್ವಲ್ಪ ಕೆಳಗೆ ಬಂದು ವಾಪಸ್ ಮೇಲಕ್ಕೆ ಹೋಗುತ್ತೆ. ಹೊರಗಿನ ಹಿಡಿಯ ಬಟನ್ ಒಂದೊಂದು ದಿನ ಒಂದೊಂದು ಥರ. ಎಲ್ಲಕ್ಕಿಂತ ಮಜ ಅಂದರೆ, ಮನೆ ಆಳು ಕಾರು ತೊಳೆಯುವಾಗ ಡಿಕ್ಕಿ ತಾನೇ ಬಾಯಿ ತೆರೆಯುತ್ತಿತ್ತು. 'ಮೇಸ್ತ್ರಿ, ಇದಕ್ಕೆ ಗಾಳಿ ಗೀಳಿ ಮೆಟ್ಕೊಂಡಿದೆಯಾ ನೋಡಿ' ಅಂದರು.

ಮೊದಲ ಎರಡು ದಿನ ನಾನೂ ದಡ್ಡತನ ಮಾಡಿದೆ. ಎಲ್ಲ ಸೇರಿ ಒಂದೇ ಕಾಯಿಲೆ ಅಂದುಕೊಂಡೆ. ಕೀಲಿಗೆ ಹೊಸ ಸೆಲ್ ಹಾಕಿದೆ, 80 ರೂಪಾಯಿ. ಕಾರಿನ ಬ್ಯಾಟರಿ ಬದಲಾಯಿಸಿ ನೋಡಿದೆ. ಫ್ಯೂಸು, ರಿಲೇ ಎಲ್ಲ ಚೆನ್ನಾಗಿಯೇ ಇದ್ದವು. ಆಮೇಲೆ ಎಡಗಡೆ ಶಾಕ್ ಮೇಲೆ ಅನುಮಾನ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹಳೇದೊಂದು ತಂದೆ. ಏಳೂವರೆ ಸಾವಿರ ಅಂತ ನೆನಪು, ಬಸ್ಸಿನ ಖರ್ಚು ಬೇರೆ. ನೋಡೋಕೆ ಅಚ್ಚು ಒಂದೇ. ಕಪ್ಲರ್ (ವೈರು ಸೇರಿಸುವ ಸಾಕೆಟ್) ಕೂಡ ಕೂತಿತು. ಆದರೆ ಉದ್ದ ಒಂದು ಬೆರಳು ಕಮ್ಮಿ! ಅಳತೆ ತಗೊಂಡು ಹೋಗದೇ ಇದ್ದದ್ದು ನನ್ನದೇ ತಪ್ಪು. ಆ ದುಡ್ಡು ನನ್ನ ಜೇಬಿನದು, ಯಜಮಾನರಿಗೆ ಹೇಳಲೇ ಇಲ್ಲ.

ಶಾಕ್ ಬಿಚ್ಚುವ ಹುಡುಗರಿಗೆ ಒಂದು ಮಾತು. ಆ ಬಾಗಿಲು 30 ಕೆಜಿ ಮೇಲೆಯೇ ಇರುತ್ತೆ. ಒಂದು ಶಾಕ್ ಬಿಚ್ಚುವ ಮುಂಚೆಯೇ ಕೆಳಗೆ ಗಟ್ಟಿ ಬಿದಿರಿನ ಕೋಲು ಕೊಡಿ. ಶಾಕ್ ಒಳಗೆ ಏನಿದೆ ನೋಡೋಣ ಅಂತ ಕೊಯ್ಯಲು ಹೋಗಬೇಡಿ. ಮೋಟಾರ್, ಸ್ಕ್ರೂ ಜೊತೆಗೆ ಒಳಗೆ ಅಮುಕಿ ಕೂರಿಸಿದ ಉದ್ದನೆ ಸ್ಪ್ರಿಂಗ್ ಇದೆ. ನಾನು ಒಂದು ಸಲ ಹಳೇದನ್ನು ಕೊಯ್ದಿದ್ದೆ. ಸ್ಪ್ರಿಂಗ್ ಹಾರಿ ಶೆಡ್ಡಿನ ತಗಡಿಗೆ ಬಡಿದ ಗುರುತು ಈಗಲೂ ಇದೆ.

ಮೂರನೇ ದಿನ ಬೆಳಗ್ಗೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ಪಕ್ಕಕ್ಕಿಟ್ಟು ನಮ್ಮ ಶೆಡ್ಡಿನ ಹುಡುಗನ ಹಳೇ ನೋಟ್‌ಬುಕ್ ತಗೊಂಡೆ. ಒಂದೊಂದು ಬಟನ್ನಿಗೆ ಒಂದೊಂದು ಹಾಳೆ. ಬಾಗಿಲು ಎಲ್ಲಿತ್ತು, ಗೇರ್ ಎಲ್ಲಿತ್ತು, ಎಷ್ಟು ಬೀಪ್ ಬಂತು, ಲಾಕ್ 'ಟಕ್' ಅಂತಾ, ಎಲ್ಲಿ ನಿಂತಿತು. ಇಷ್ಟೇ. ಪ್ರತಿ ಬಟನ್ ಹತ್ತು ಹತ್ತು ಸಲ ಒತ್ತಿಸಿದೆ. ಹುಡುಗನಿಗೆ ಬೇಜಾರು ಬಂತು, ಎರಡು ಸಲ ಟೀ ಕುಡಿಸಿದೆ.

ಬರೆದಿಟ್ಟ ಮೇಲೆ ಮೊದಲನೇ ದೆವ್ವ ತಾನಾಗೇ ಬಿಟ್ಟು ಹೋಯಿತು. ಯಜಮಾನರ ಡ್ರೈವರ್‌ಗೆ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯುವ ಅಭ್ಯಾಸ. ಮುಂಚೆ ಓಡಿಸುತ್ತಿದ್ದ ಗೇರ್ ಗಾಡಿಯ ಅಭ್ಯಾಸ ಅದು. ಇದು ಆಟೊಮ್ಯಾಟಿಕ್. ಗೇರ್ 'ಪಿ'ಯಲ್ಲಿ (ಪಾರ್ಕ್) ಇಲ್ಲದಿದ್ದರೆ ಸ್ಟೇರಿಂಗ್ ಹತ್ತಿರದ ಬಟನ್ನಿನ ಮಾತನ್ನು ಮಾಡ್ಯೂಲ್ ಕೇಳಲ್ಲ. ಬೀಪ್ ಅಂದರೆ 'ಕೇಳಿಸಿತು, ಆದರೆ ಮಾಡಲ್ಲ' ಅಂತ ಅರ್ಥ. ಬೀಪ್ ಬರದೇ ಇದ್ದರೆ ಮಾತ್ರ ಬಟನ್ ವೈರು ನೋಡಬೇಕು. ಇದಕ್ಕೆ ಒಬ್ಬರು ಆ ಸ್ವಿಚ್ ಪ್ಯಾನೆಲ್ಲನ್ನೇ ಬದಲಾಯಿಸಿದ್ದರಂತೆ, ಪಾಪ.

ಎದೆ ಮಟ್ಟಕ್ಕೆ ನಿಲ್ಲುವ ಕತೆ ಇನ್ನೂ ಸ್ವಾರಸ್ಯ. ಶಾಕ್ ಸೋತಿದ್ದರೆ ಬಾಗಿಲು ತಿಣುಕುತ್ತಾ ನಿಲ್ಲಬೇಕು, ಕೈಬಿಟ್ಟರೆ ಇಳಿಯಬೇಕು. ಇದು ಹಾಗಲ್ಲ. ನಿಲ್ಲುವ ಮುಂಚೆ ನಿಧಾನವಾಗಿ, ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಹಾಗೆ ನಿಂತು ಬೀಪ್ ಕೊಡುತ್ತಿತ್ತು. ಅಂದರೆ ಅಲ್ಲಿ ನಿಲ್ಲು ಅಂತ ಯಾರೋ ಹೇಳಿದ್ದಾರೆ. ತೆರೆದಾಗ ಮೇಲಕ್ಕೆ ಬರುವ ಬಾಗಿಲ ಅಂಚು ನೋಡಿದೆ, ಬಣ್ಣ ಕೆರೆದ ಗುರುತು. ಯಜಮಾನರ ಮಗನಿಗೆ ಫೋನ್ ಮಾಡಿದೆ.

'ಮನೆ ಶೆಡ್ಡಿನ ಶಟರ್ ತಗ್ಗು ಇದೆಯೇನಪ್ಪಾ?'

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ಅಣ್ಣಾ, ಅಪ್ಪಾಜಿಗೆ ಹೇಳ್ಬೇಡಿ' ಅಂದ.

ಒಂದು ಸಲ ಬಾಗಿಲು ಶಟರಿಗೆ ತಗುಲಿದ ಮೇಲೆ ಯಜಮಾನರ ಮಗ ಕಾರಿನ ಬುಕ್ ಓದಿಕೊಂಡು ಅರ್ಧಕ್ಕೆ ಎತ್ತರ ಸೆಟ್ ಮಾಡಿ ಸುಮ್ಮನಾಗಿದ್ದ. ಬಾಗಿಲನ್ನು ಕೈಯಲ್ಲೇ ಪೂರ್ತಿ ಎತ್ತಿ, ಅಂಚಿನ ಬಟನ್ ಬೀಪ್ ಬರುವ ತನಕ ಮೂರು ನಾಲ್ಕು ಸೆಕೆಂಡ್ ಒತ್ತಿ ಹಿಡಿದೆ. ಮುಗಿಯಿತು. ಬಹಳಷ್ಟು ಗಾಡಿಗಳಲ್ಲಿ ಇದೇ ರೀತಿ. ಕೆಲವದರಲ್ಲಿ ಸ್ಕ್ರೀನಿನ ಮೆನುವಿನಲ್ಲಿ ಇರುತ್ತೆ, ಇನ್ನು ಕೆಲವದರಲ್ಲಿ ಗ್ಲೋವ್ ಬಾಕ್ಸ್ ಒಳಗೆ ಪವರನ್ನೇ ಆಫ್ ಮಾಡುವ ಸ್ವಿಚ್ ಇರುತ್ತೆ. ಬಿಚ್ಚುವ ಮುಂಚೆ ಅವನ್ನು ನೋಡಿಬಿಡಿ.

ಉಳಿದದ್ದು ಮುಚ್ಚುವಾಗ ವಾಪಸ್ ಹೋಗುವುದು. ನಿಜವಾದ ಕಾಯಿಲೆ ಇದೇ. ಎಲ್ಲರ ಹಾಗೆ ನಾನೂ ಮೊದಲು ಬಾಗಿಲ ಅಂಚಿನ ಪಿಂಚ್ ರಬ್ಬರ್ (ಮಧ್ಯೆ ಏನಾದರೂ ಸಿಕ್ಕಿಕೊಂಡರೆ ಮಾಡ್ಯೂಲಿಗೆ ತಿಳಿಸುವ ಪಟ್ಟಿ) ಹಿಡಿದುಕೊಂಡೆ. ಗೋಣಿ ನಾರು ಅದರ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಕಿತ್ತೆ. ಎಡ ಬಲ ಎರಡರ ಓಮ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಅಂತ ನೋಡಿದೆ, ಹೆಚ್ಚೂ ಕಡಿಮೆ ಒಂದೇ. ಬೆರಳಲ್ಲಿ ಅಮುಕಿದರೆ ಸರಿಯಾಗಿ ಇಳಿಯುತ್ತಿತ್ತು. ಆದರೂ ಅನುಮಾನಕ್ಕೆ ಅದರ ಜಾಗದಲ್ಲಿ, ಏನೂ ಸಿಕ್ಕಿಲ್ಲ ಅಂತ ಮಾಡ್ಯೂಲನ್ನು ನಂಬಿಸುವ ರೆಸಿಸ್ಟರ್ ಹಾಕಿ ಮುಚ್ಚಿಸಿದೆ. ಆಗಲೂ ಅಲ್ಲೇ ವಾಪಸ್. ಎರಡನೇ ಸಲ ಹುಡುಗನ ಮೊಣಕೈ ಮಧ್ಯೆ ಇತ್ತು. ಬಾಗಿಲು ವಾಪಸ್ ಹೋದದ್ದರಿಂದ ಬಚಾವ್, ಇಲ್ಲದಿದ್ದರೆ ಗೊತ್ತಾಗುತ್ತಿತ್ತು. ರೆಸಿಸ್ಟರ್ ಹಾಕಿ ಗಾಡಿ ವಾಪಸ್ ಕೊಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿರುವ ಮನೆಗೆ ಹೋಗುವ ಗಾಡಿ ಅದು.

ಆಮೇಲೆ ನೋಟ್‌ಬುಕ್ ತಿರುವಿದೆ. ಕೀಲಿಯಿಂದ ಮುಚ್ಚಿದರೂ, ಅಂಚಿನ ಬಟನ್ನಿಂದ ಮುಚ್ಚಿದರೂ, ಸ್ಟೇರಿಂಗ್ ಹತ್ತಿರದ ಬಟನ್ನಿಂದ ಮುಚ್ಚಿದರೂ ಬಾಗಿಲು ವಾಪಸ್ ಹೋಗುತ್ತಿದ್ದ ಜಾಗ ಒಂದೇ! ನೆಲಕ್ಕೆ ಕೋಲು ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಹತ್ತರಲ್ಲಿ ಎಂಟು ಸಲ ಎರಡು ಬೆರಳಿನ ಒಳಗೇ. ಬಟನ್ ಯಾವುದಾದರೇನು, ಆ ಕೋನಕ್ಕೆ ಬಂದರೆ ತೊಂದರೆ. ಕೋನಕ್ಕೆ ತಕ್ಕ ಹಾಗೆ ಬಾಗುವುದು ಏನು? ಹಿಂಜ್ ಪಕ್ಕದ ರಬ್ಬರ್ ಕೊಳವೆ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಸೊಂಡಿಲು ಅಂತಲೇ ಹೆಸರು. ಬಾಗಿಲಿಗೆ ಹೋಗುವ ವೈರೆಲ್ಲ ಅದರೊಳಗೇ.

ಶಾಕಿನ ಮೋಟಾರ್ ಎಷ್ಟು ತಿರುಗಿತು ಅಂತ ಎಣಿಸಲು ಅದರಿಂದ ಎರಡು ಹಾಲ್ ಸೆನ್ಸರ್ ಸಿಗ್ನಲ್ ಬರುತ್ತೆ, ಅದರಲ್ಲಿ ಒಂದು ಅರೆಗಳಿಗೆ ತಪ್ಪಿದರೂ ಸಾಕು. ಬಾಗಿಲು ಎಲ್ಲಿದೆ ಅನ್ನುವ ಲೆಕ್ಕ ಮಾಡ್ಯೂಲಿಗೆ ತಪ್ಪುತ್ತೆ, ಏನೋ ಅಡ್ಡ ಸಿಕ್ಕಿದೆ ಅಂದುಕೊಂಡು ವಾಪಸ್ ಎತ್ತುತ್ತೆ. ಸ್ಕ್ಯಾನರಿನಲ್ಲಿ ಎಡಗಡೆ ಶಾಕಿನ ಎಣಿಕೆ ತೆರೆದಿಟ್ಟು ಸೊಂಡಿಲನ್ನು ಕೈಯಲ್ಲಿ ನಿಧಾನ ತಿರುಚಿದೆ. ಬಾಗಿಲು ಅಲ್ಲಾಡಿಲ್ಲ, ಎಣಿಕೆ ಮಾತ್ರ ಕುಣಿಯಿತು.

ವೈರು ತುಂಡಾಗಿಲ್ಲ ಅಂತ ಹೇಳುವ ಮೀಟರಿನ ಬೀಪ್ ನಂಬಿ ಮುಂಚೆ ನಾನು ಎರಡು ಗಾಡಿಯಲ್ಲಿ ಸೋತಿದ್ದೇನೆ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ 'ಬೀಪ್' ಅನ್ನುತ್ತೆ. ಎರಡೂ ಕಡೆ ಕಪ್ಲರ್ ಬಿಚ್ಚಿ, ತೆಳು ವೈರಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್, ದಪ್ಪ ವೈರಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸೇರಿಸಿ ಉರಿಸಿ ನೋಡಿ. ಕಪ್ಲರ್ ಬಿಚ್ಚದೇ ಬಲ್ಬ್ ಕೊಟ್ಟರೆ ಮಾಡ್ಯೂಲ್ ನಿಜವಾಗಿಯೂ ಹೋಗಬಹುದು, ಆಗ 95 ಸಾವಿರದ ಎಸ್ಟಿಮೇಟ್ ನಿಮ್ಮ ಹೆಸರಿಗೆ. ಒಂದು ದಪ್ಪ ವೈರಿನಲ್ಲಿ ಬಲ್ಬ್ ಮಂಕಾಗಿ ಕೆಂಪಗೆ ಉರಿಯಿತು, ಎರಡು ತೆಳು ವೈರಿನಲ್ಲಿ ಬಾಗಿಸಿದಾಗ ಆರಿತು. ಸೊಂಡಿಲನ್ನು ಬಿಚ್ಚದೇ ಯಾವ ವೈರು ಎಷ್ಟು ಹೋಗಿದೆ ಅಂತ ಹೇಳುವ ಇನ್ನೊಂದು ಉಪಾಯವೂ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಹೊಟ್ಟೆಪಾಡೂ ನಡೀಬೇಕು.

ಸೊಂಡಿಲು ಸೀಳಿದಾಗ ಕಂಡದ್ದನ್ನು ಫೋಟೋ ತೆಗೆದಿಟ್ಟಿದ್ದೇನೆ. ನೀಲಿ ವೈರಿನ ಹೊರಗಿನ ಪ್ಲಾಸ್ಟಿಕ್ ಹಾಗೇ ಇತ್ತು. ಬೆರಳಲ್ಲಿ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ತುಂಡಾಗಿ, ತುದಿ ಸೂಜಿಯಷ್ಟು ಚೂಪಾಗಿ, ಹಸಿರು ಕಿಲುಬು ಹಿಡಿದಿತ್ತು. ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ಜೋಡಣೆಯಲ್ಲೂ ಒಂದು ಸಲ ಪೆಟ್ಟು ತಿಂದಿದ್ದೇನೆ. ಹಿಂದೊಂದು ಗಾಡಿಗೆ ಮಾಮೂಲಿ ವೈರು ಹಾಕಿ ಸೊಂಡಿಲಿನ ಒಳಗೇ ಸಾಲ್ಡರ್ ಮಾಡಿದ್ದೆ. ಎರಡೇ ತಿಂಗಳಿಗೆ ಸಾಲ್ಡರಿನ ಪಕ್ಕಕ್ಕೆ ಸರಿಯಾಗಿ ಮುರಿಯಿತು, ದುಡ್ಡು ವಾಪಸ್ ಕೊಟ್ಟೆ. ಈ ಸಲ ತೆಳು ಎಳೆಗಳ ಸಿಲಿಕಾನ್ ವೈರು ತಂದೆ. ಹನ್ನೆರಡು ವೈರು, ಒಂದೊಂದೂ ಒಂದು ಮೊಳ. ಹೋದದ್ದು ಮೂರೇ ಆದರೂ ಎಲ್ಲ ಬದಲಾಯಿಸಿದೆ. ಜೋಡಣೆಗಳು ಸೊಂಡಿಲಿನಿಂದ ಆಚೆ, ಬಾಡಿ ಒಳಗೆ ಮತ್ತು ಬಾಗಿಲ ಒಳಗೆ, ಒಂದರ ಪಕ್ಕ ಒಂದು ಬರದ ಹಾಗೆ ಹಿಂದೆ ಮುಂದೆ. ವೈರು, ಸ್ಲೀವ್ ಸೇರಿ 700 ರೂಪಾಯಿ ದಾಟಿರಲಿಕ್ಕಿಲ್ಲ. ಒಂದೂವರೆ ದಿನದ ಕೆಲಸ. ಕೊನೆಗೆ ಬಾಗಿಲು ಕೈಯಲ್ಲಿ ಪೂರ್ತಿ ಮುಚ್ಚಿ, ಬಟನ್ನಿಂದ ಒಂದು ಸಲ ಪೂರ್ತಿ ತೆರೆಸಿ ಮುಚ್ಚಿಸಿ ಬಾಗಿಲಿನ ಲೆಕ್ಕವನ್ನು ಮಾಡ್ಯೂಲಿಗೆ ಹೊಸದಾಗಿ ಕಲಿಸಿದೆ. ಹಿಡಿಯ ಬಟನ್ನಿನ ಹುಚ್ಚಾಟವೂ ಇದರಲ್ಲೇ ನಿಂತಿತು, ಅದರ ವೈರೂ ಆ ಮೂರರಲ್ಲಿ ಒಂದು.

ತೊಳೆಯುವಾಗ ತೆರೆಯುವ ದೆವ್ವ ಬಾಕಿ ಇತ್ತು. ಬಂಪರಿನಲ್ಲಿ, ಕೀಲಿ ಹತ್ತಿರ ಇದ್ದಾಗ ಕಾಲು ಬೀಸಿದರೆ ಡಿಕ್ಕಿ ತೆರೆಯುವ ಸೆನ್ಸರ್ ಇದೆ. ಅದಕ್ಕೆ ಕಾಲೂ ಒಂದೇ, ನೀರೂ ಒಂದೇ. ಆಳಿನ ಜೇಬಲ್ಲಿ ಕೀಲಿ, ಕೈಯಲ್ಲಿ ಪೈಪು, ಇನ್ನೇನಾಗಬೇಕು? ಸುಮ್ನೆ ಕುತೂಹಲಕ್ಕೆ ಒಂದು ಮಧ್ಯಾಹ್ನ ಹಾಳು ಮಾಡಿದೆ. ಒಣ ಪಿವಿಸಿ ಪೈಪ್ ಬೀಸಿದರೆ ತೆರೆಯಲಿಲ್ಲ. ಅದರ ತುದಿಗೆ ನೀರು ತುಂಬಿದ ಬಾಟಲಿ ಕಟ್ಟಿದರೆ ಹತ್ತಕ್ಕೆ ಮೂರು ಸಲ ತೆರೆಯಿತು. ಒದ್ದೆ ಗೋಣಿಚೀಲ ಎಳೆದರೆ ಇನ್ನೂ ಜಾಸ್ತಿ. ಕೀಲಿಯನ್ನು ದೂರದ ಟೀ ಅಂಗಡಿಯಲ್ಲಿ ಇಟ್ಟು ಬಂದ ಮೇಲೆ ಏನು ಮಾಡಿದರೂ ಇಲ್ಲ. ತೊಳೆಯುವಾಗ ಕೀಲಿ ಮನೆಯೊಳಗೆ ಇಡಿ ಅಂತ ಹೇಳಿ ಕಳಿಸಿದೆ.

ಬಿಲ್ಲು ಎಂಟೂವರೆ ಸಾವಿರ. ಯಜಮಾನರು ಐನೂರು ಮುರಿದು ಎಂಟು ಕೊಟ್ಟರು, ಜೊತೆಗೆ ಅರ್ಧ ಚೀಲ ತೆಂಗಿನಕಾಯಿ. ಶಟರಿನ ವಿಷಯ ಹೇಳಲಿಲ್ಲ, ಮಾತು ಕೊಟ್ಟಿದ್ದೆ. ನಕ್ಕ ಗೆಳೆಯರೇ ಆಮೇಲೆ ಇಂಥವೇ ನಾಲ್ಕು ಗಾಡಿ ಕಳಿಸಿದರು. ಮೂರಕ್ಕೆ ಸೊಂಡಿಲಿನದೇ ಕಾಯಿಲೆ. ನಾಲ್ಕನೆಯದಕ್ಕೆ ನಿಜವಾಗಿ ಶಾಕ್ ಹೋಗಿತ್ತು, ಅದರ ಅಳತೆಗೂ ನಾನು ತಂದಿದ್ದ ಶಾಕ್ ಕೂರಲಿಲ್ಲ. ಅದು ಇನ್ನೂ ನನ್ನ ಅಟ್ಟದ ಮೇಲೆ ಬಿದ್ದಿದೆ. ನಾಲ್ಕು ಸಾವಿರ ಕೊಟ್ಟರೆ ಕೊಡ್ತೀನಿ, ಅಳತೆ ತಗೊಂಡು ಬನ್ನಿ.