ಮುಕ್ತ ವ್ಯಾಪಾರ ಒಪ್ಪಂದದ ಲಾಭ-ನಷ್ಟ ಲೆಕ್ಕ ಹಾಕುವುದು ಹೇಗೆ?

‘ಶೇ 90ರಷ್ಟು ಸರಕುಗಳಿಗೆ ಸುಂಕವಿಲ್ಲ’ ಎಂಬ ಪ್ರಕಟಣೆಯಿಂದ ಏನೂ ತಿಳಿಯದು. ಆ 90ರಲ್ಲಿ ದೇಶ ಮಾರುವ ಸರಕೇ ಇಲ್ಲದಿರಬಹುದು. ಪೀಠಿಕೆ ಬಿಟ್ಟು ನೇರವಾಗಿ ಸುಂಕದ ಅನುಬಂಧ ತೆರೆಯಿರಿ.

ಮೊದಲು ಮುಖ್ಯ 20 ರಫ್ತು ಸರಕುಗಳನ್ನು ಆರಂಕಿಯ ಎಚ್‌ಎಸ್ ಕೋಡ್ (ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಸಮೇತ ಬರೆದುಕೊಳ್ಳಿ. ಅಂಕಿಅಂಶ ವಿಶ್ವಸಂಸ್ಥೆಯ ವ್ಯಾಪಾರ ದತ್ತಾಂಶ ಜಾಲತಾಣ ಕಾಮ್‌ಟ್ರೇಡ್‌ನಲ್ಲಿದೆ. ಹಲವರು ಎಡವುವುದು ಇಲ್ಲೇ: ಅನುಬಂಧ ಎಚ್‌ಎಸ್ ಕೋಡ್‌ಗಳ 2012ರ ಆವೃತ್ತಿಯಲ್ಲಿದ್ದು ಅಂಕಿಅಂಶ 2022ರದ್ದಾದರೆ ಕೆಲವು ಕೋಡ್‌ಗಳು ತಾಳೆಯಾಗುವುದಿಲ್ಲ. ಪಾಲುದಾರ ದೇಶ ಎಲ್ಲರಿಗೂ ವಿಧಿಸುವ ಎಂಎಫ್‌ಎನ್ ದರದಿಂದ ಒಪ್ಪಂದದ ದರ ಕಳೆಯಿರಿ. ಉಳಿದದ್ದೇ ನಿಜವಾದ ರಿಯಾಯಿತಿ. ಎಂಎಫ್‌ಎನ್ ದರ ಮೊದಲೇ ಸೊನ್ನೆಯಿದ್ದರೆ ಹೊಸದಾಗಿ ದಕ್ಕುವುದೇನಿಲ್ಲ.

ರಿಯಾಯಿತಿ ಕಂಡರೂ ಹಿಗ್ಗಬೇಡಿ, ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ‘ಮೂಲ ನಿಯಮ’ ಓದಿ. ಶೇ 40 ಮೌಲ್ಯವರ್ಧನೆ ಬೇಕೆಂದಿದ್ದು, 100 ಡಾಲರಿನ ಅಂಗಿಯಲ್ಲಿ ಹೊರಗಿನ ಬಟ್ಟೆ, ಗುಂಡಿ, ದಾರವೇ 63 ಡಾಲರಾದರೆ ವರ್ಧನೆ 37. ಪೂರ್ತಿ ಸುಂಕ ಕಟ್ಟಬೇಕು. 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟ–ವಿಯೆಟ್ನಾಂ ಒಪ್ಪಂದದಲ್ಲಿ ಉಡುಪಿನ ಬಟ್ಟೆಯನ್ನೂ ಸಾಮಾನ್ಯವಾಗಿ ಈ ಎರಡು ಕಡೆಯಲ್ಲೇ ನೇಯ್ದಿರಬೇಕು. ದಕ್ಷಿಣ ಕೊರಿಯಾದ ಬಟ್ಟೆಗೂ ಅವಕಾಶವಿದೆ, ಚೀನಾದ್ದಕ್ಕಿಲ್ಲ. ಹೊಲಿಗೆ ಕಾರ್ಖಾನೆಗಳಿದ್ದು ಮಗ್ಗಗಳಿಲ್ಲದ ದೇಶಕ್ಕೆ ಇದು ದೊಡ್ಡ ಅಡ್ಡಿ.

ಆಮದಿನ ಲೆಕ್ಕ ಇನ್ನೂ ಸೂಕ್ಷ್ಮ. ‘ಅ’ ದೇಶದ ಸರಕು 100 ಡಾಲರ್, ‘ಬ’ ದೇಶದ್ದು 110, ಸುಂಕ ಶೇ 20 ಎನ್ನಿ. ಈಗ ಬೆಲೆ 120 ಮತ್ತು 132, ಕೊಳ್ಳುವುದು ‘ಅ’ದಿಂದ. ‘ಬ’ ಜೊತೆ ಒಪ್ಪಂದವಾದರೆ ಅದರ ಸರಕು 110ಕ್ಕೇ ಸಿಗುತ್ತದೆ. ಗ್ರಾಹಕರಿಗೆ 10 ಉಳಿತಾಯ, ಖಜಾನೆಗೆ 20 ಖೋತಾ. ಅಗ್ಗದ ಮಾರಾಟಗಾರನನ್ನು ಬಿಟ್ಟು ದುಬಾರಿಯವನಿಗೆ ದುಡ್ಡು ಕೊಟ್ಟಂತಾಯಿತು. ಬೇಡಿಕೆ ಏರಿದರೆ ಸ್ವಲ್ಪ ತುಂಬಿಬರಬಹುದು. ಬಜೆಟ್ ಸೀಮಾ ಸುಂಕವನ್ನೇ ನೆಚ್ಚಿಕೊಂಡಿದ್ದರೆ ಈ ಖೋತಾವನ್ನು ವರ್ಷವಾರು ಬರೆದಿಡಿ. ಬದಲಿ ತೆರಿಗೆ ಒಂದೇ ವರ್ಷದಲ್ಲಿ ಕೈಗೆ ಬರುವಂಥದ್ದಲ್ಲ.

ಸುಂಕ ತೆಗೆಯಲು ಕಾಲಾವಕಾಶವಿದೆ ಎಂದಮಾತ್ರಕ್ಕೆ ರಕ್ಷಣೆ ಇದೆ ಎಂದೆಣಿಸಬೇಡಿ. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ 1994ರ ನಾಫ್ಟಾ ಒಪ್ಪಂದದಲ್ಲಿ ಮೆಕ್ಸಿಕೋದ ಮೆಕ್ಕೆಜೋಳಕ್ಕೆ 2008ರವರೆಗೆ ಗಡುವಿತ್ತು, ಕೋಟಾ ಮೀರಿದ ಆಮದಿಗೆ ಭಾರಿ ಸುಂಕವನ್ನೂ ಹಾಕಬಹುದಿತ್ತು. ಆ ಸುಂಕದ ಬಹುಪಾಲನ್ನು ಸರ್ಕಾರವೇ ವಸೂಲಿ ಮಾಡಲಿಲ್ಲ. ರೈತರಿಗೆ ಅಗ್ಗದ ಜೋಳದ ಪೈಪೋಟಿ ಗಡುವಿಗೆ ಮೊದಲೇ ಎದುರಾಯಿತು.

ಕೊನೆಯದಾಗಿ, ಸುಂಕ ಇಳಿದರೆ ವ್ಯಾಪಾರ ಎಷ್ಟು ಬದಲಾದೀತೆಂದು ಅಂದಾಜಿಸುವ ವಿಶ್ವಬ್ಯಾಂಕಿನ ‘ಸ್ಮಾರ್ಟ್’ ಮಾದರಿ ಬಳಸುವವರು ಗಮನಿಸಿ: ಇಂದು ವ್ಯಾಪಾರವೇ ಇಲ್ಲದ ಸರಕಿಗೆ ಅದು ನಾಳೆಗೂ ಸೊನ್ನೆಯನ್ನೇ ತೋರಿಸುತ್ತದೆ. ಭಾರಿ ಸುಂಕದಿಂದ ಆಮದೇ ನಿಂತಿರುವ ಸರಕುಗಳನ್ನು ಬೇರೆ ಪಟ್ಟಿ ಮಾಡಿ, ಒಳಗಿನ ಮತ್ತು ಹೊರಗಿನ ಬೆಲೆಗಳ ಅಂತರ ನೋಡಿ ಅಂದಾಜಿಸಿ.