ಟ್ರೈಕೋಡರ್ಮಾ ಗೊಬ್ಬರ: ತೊಗರಿ ಬೇರಿನ ಕಾವಲಿಗೆ ಬೂಷ್ಟು ಬೆಳೆಸುವುದು ಹೇಗೆ?

ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ತೊಗರಿ ಗಿಡ ನಿಂತಲ್ಲೇ ಒಣಗುತ್ತದೆ. ನೆಲದಲ್ಲಿ ಹಸಿ ಇದೆ, ಪಕ್ಕದ ಗಿಡ ಹಸಿರಾಗಿದೆ, ಇದೊಂದೇ ಬಾಡಿದೆ. ಅಂಥ ಗಿಡವನ್ನು ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಸಿಪ್ಪೆಯ ಕೆಳಗೆ ಕಂದು, ಕಪ್ಪು ಗೆರೆಗಳು ಕಾಣುತ್ತವೆ. ನೀರು ಮೇಲೇರುವ ದಾರಿ ಅದು. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಆ ದಾರಿಯನ್ನು ಮುಚ್ಚಿಬಿಟ್ಟಿದೆ. ಕಲಬುರಗಿ, ಬೀದರ್, ವಿಜಯಪುರದ ರೈತರಿಗೆ ಇದು ನೆಟೆ ರೋಗ. ಒಮ್ಮೆ ಬಾಡಿದ ಗಿಡಕ್ಕೆ ಏನು ಸಿಂಪಡಿಸಿದರೂ ಪ್ರಯೋಜನವಿಲ್ಲ. ಏನು ಮಾಡಿದರೂ ಬಿತ್ತನೆಗೆ ಮುಂಚೆಯೇ ಮಾಡಬೇಕು.

ಮಣ್ಣಿನಲ್ಲಿ ಫ್ಯುಸೇರಿಯಂಗೆ ವೈರಿಗಳಿವೆ. ಅದರಲ್ಲಿ ನಮಗೆ ಸುಲಭವಾಗಿ ಸಿಗುವುದು ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ಹಸಿರು ಬೂಷ್ಟು. ಇದು ಬೇರೆ ಶಿಲೀಂಧ್ರಗಳನ್ನು ಹಿಡಿದು ತಿನ್ನುತ್ತದೆ ಅನ್ನುವುದನ್ನು 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ವರದಿ ಮಾಡಿದ್ದರು.

ಹೇಗೆ ತಿನ್ನುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗೊಬ್ಬರ ಮಾಡುವಾಗ ಪ್ರತಿ ಹಂತದಲ್ಲೂ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಶಿಲೀಂಧ್ರದ ಎಳೆಯ ಸುತ್ತ ಗಟ್ಟಿ ಗೋಡೆ ಇರುತ್ತದೆ. ಅದರಲ್ಲಿ ಕೈಟಿನ್ ಇದೆ. ಏಡಿ, ಸೀಗಡಿಯ ಚಿಪ್ಪಿನಲ್ಲಿ ಇರುವುದೂ ಅದೇ. ಜೊತೆಗೆ ಗ್ಲುಕನ್ ಎಂಬ ಇನ್ನೊಂದು ವಸ್ತು. ಟ್ರೈಕೋಡರ್ಮಾ ಕೈಟಿನೇಸ್, ಗ್ಲುಕನೇಸ್ ಎಂಬ ಪ್ರೋಟೀನುಗಳನ್ನು ಹೊರಗೆ ಬಿಡುತ್ತದೆ. ಒಂದು ಕೈಟಿನ್ ಕತ್ತರಿಸುತ್ತದೆ, ಇನ್ನೊಂದು ಗ್ಲುಕನ್. ಮೊದಲು ಬಿಡುವುದು ತೀರಾ ಸ್ವಲ್ಪ. ಹತ್ತಿರದಲ್ಲಿ ವೈರಿ ಇದ್ದರೆ ಅದರ ಗೋಡೆಯಿಂದ ಚೂರುಗಳು ಕಳಚಿ ಬರುತ್ತವೆ. ಆ ಚೂರು ತಾಗಿದ್ದೇ ತಡ, ಟ್ರೈಕೋಡರ್ಮಾ ಇನ್ನೂ ಜಾಸ್ತಿ ಪ್ರೋಟೀನು ತಯಾರಿಸುತ್ತದೆ. ವೈರಿಯ ಕಡೆಗೆ ಬೆಳೆದು, ಅದರ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು, ಗೋಡೆ ತೂತು ಮಾಡಿ ಒಳಗಿನದನ್ನು ಹೀರುತ್ತದೆ.

ಬೆಳೆರೋಗದ ಶಿಲೀಂಧ್ರಗಳೂ ಸುಮ್ನೆ ಕೂರುವುದಿಲ್ಲ. ಹತ್ತಿ, ಟೊಮೆಟೊ ಬಾಡಿಸುವ ವರ್ಟಿಸಿಲಿಯಂ ಸತ್ತ ಗಿಡದೊಳಗೆ ಕಪ್ಪು ಗಂಟುಗಳಾಗಿ ಉಳಿಯುತ್ತದೆ. ಹಾಗೆ ಗಂಟು ಕಟ್ಟುವಾಗ ಬೇರೆ ಶಿಲೀಂಧ್ರಗಳು ಅಲ್ಲಿಗೆ ಬರದಂತೆ ಒಂದು ವಿಷ ಪ್ರೋಟೀನು ಬಿಡುತ್ತದೆ ಎಂದು ನೆದರ್ಲೆಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಗೋಧಿಗೆ ಬರುವ ಫ್ಯುಸೇರಿಯಂ ಜಾತಿಗಳ ದಾರಿ ಬೇರೆ. ಅವುಗಳ ವಿಷ ಪ್ರೋಟೀನಲ್ಲ, ಬೇರೆ ರಾಸಾಯನಿಕ. ಅದು ಟ್ರೈಕೋಡರ್ಮಾದ ಕೈಟಿನ್ ಕತ್ತರಿಸುವ ಕೆಲಸವನ್ನೇ ತಗ್ಗಿಸುತ್ತದೆ. ಅಂದರೆ ಜಗಳ ಎರಡೂ ಕಡೆಯಿಂದ ನಡೆಯುತ್ತದೆ. ಅದಕ್ಕೇ ನಮ್ಮ ಕಡೆಯದು ಮೊದಲೇ ಹೋಗಿ, ಸಾಕಷ್ಟು ಸಂಖ್ಯೆಯಲ್ಲಿ ಬೇರಿನ ಹತ್ತಿರ ನೆಲೆಯೂರಿರಬೇಕು.

ಈಗ ಕೆಲಸಕ್ಕೆ ಬರೋಣ.

ಹಂತ 1: ಪ್ಯಾಕೆಟ್ ಜೀವಂತ ಇದೆಯಾ?

ನೀವು ಕೊಳ್ಳುತ್ತಿರುವುದು ಪುಡಿಯಂತೆ ಕಂಡರೂ ಅದು ಜೀವ. ಒಂದು ಗ್ರಾಂನಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಅವಧಿ ಮುಗಿಯುವ ದಿನಾಂಕ ನೋಡಿ. ಅಂಗಡಿಯಲ್ಲಿ ಬಿಸಿಲು ಬೀಳುವ ಜಾಗದಲ್ಲಿಟ್ಟ ಪ್ಯಾಕೆಟ್ ಬೇಡ.

ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಬಾಟಲಿಗಳನ್ನು ಕುದಿಯುವ ನೀರಲ್ಲಿ ತೊಳೆಯಿರಿ. ಉದುರುದುರಾದ ಅನ್ನ ಆರಿಸಿ ಎರಡಕ್ಕೂ ಹಾಕಿ. ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಬೆರೆಸಿ. ಎರಡರ ಬಾಯಿಗೂ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಪುಡಿ ಹಾಕಿದ ಬಾಟಲಿಯಲ್ಲಿ ಮೊದಲು ಹತ್ತಿಯಂಥ ಬಿಳಿ ಎಳೆ, ಆಮೇಲೆ ಹಸಿರು ಬರಬೇಕು. ವಾರದೊಳಗೆ ಗೊತ್ತಾಗುತ್ತದೆ. ಎರಡರಲ್ಲೂ ಒಂದೇ ಥರದ ಬೂಷ್ಟು ಬಂದರೆ ಅದು ಗಾಳಿಯಿಂದ ಬಂದದ್ದು, ಮತ್ತೆ ಮಾಡಿ ನೋಡಿ. ಆ ಅನ್ನವನ್ನು ಕೋಳಿಗೆ ಹಾಕಬೇಡಿ, ತಿಪ್ಪೆಗೆ ಹಾಕಿ.

ಹಂತ 2: ಗೊಬ್ಬರ ಬೆರೆಸುವುದು

90 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ. ಒಂದು ಎಕರೆಗೆ ಇಷ್ಟು ಸಾಕು. ಬಿಸಿ ಆರದ ಹಸಿ ಸಗಣಿ ಬೇಡ. ಗೊಬ್ಬರದ ಹೆಂಟೆ ಒಡೆದು, ಹಿಂಡಿ ಪುಡಿ ಮಾಡಿ ಬೆರೆಸಿ, ನೀರು ಚಿಮುಕಿಸಿ. ಹದ ನೋಡುವುದು ಕೈಯಲ್ಲೇ: ಹಿಡಿ ತುಂಬ ತೆಗೆದುಕೊಂಡು ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ನೀರು ಜಾಸ್ತಿಯಾದರೆ ಗಾಳಿ ಆಡುವುದಿಲ್ಲ, ಗೊಬ್ಬರ ನಾರುತ್ತದೆ. ಹದ ಬಂದ ಮೇಲೆ ಪುಡಿ ಉದುರಿಸಿ ಚೆನ್ನಾಗಿ ತಿರುವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಬೆಲ್ಲ ಹಾಕಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಸಿಹಿ ಸಿಕ್ಕರೆ ಟ್ರೈಕೋಡರ್ಮಾ ಬೆಳೆಯುತ್ತದೆ, ನಿಜ. ಆದರೆ ಗ್ಲೂಕೋಸ್ ಧಾರಾಳವಾಗಿ ಸಿಕ್ಕಾಗ ಅದು ಕೈಟಿನೇಸ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹೊಟ್ಟೆ ತುಂಬಿದ್ದರೆ ಬೇಟೆ ಯಾಕೆ, ಅಲ್ವಾ? ಗೊಬ್ಬರ, ಹಿಂಡಿಯೇ ಅದಕ್ಕೆ ಸಾಕಷ್ಟು ಆಹಾರ. ನಾನಂತೂ ಬೆಲ್ಲ ಹಾಕುವುದಿಲ್ಲ.

ಹಂತ 3: ಕಾಯುವುದು

ನೆರಳಿನಲ್ಲಿ ರಾಶಿ ಮಾಡಿ ಒದ್ದೆ ಗೋಣಿಚೀಲ ಹೊದಿಸಿ. 4–5 ದಿನ ಬಿಟ್ಟು ತಿರುವಿ ಹಾಕಿ, ಒಣಗಿದ್ದರೆ ನೀರು ಚಿಮುಕಿಸಿ, ಮತ್ತೆ 3 ದಿನ ಬಿಡಿ. ನಾನು ಮೊದಲ ಸಲ ಮಾಡಿದಾಗ ರಾಶಿಯನ್ನು ಕಣದಲ್ಲಿ ಬಯಲಿಗೇ ಹಾಕಿ, ಗೋಣಿ ಹೊದಿಸಿದೆನಲ್ಲ ಅಂದುಕೊಂಡಿದ್ದೆ. ವಾರ ಬಿಟ್ಟು ಚೀಲ ಎತ್ತಿದರೆ ಬರೀ ಒಣ ಗೊಬ್ಬರ. ಮುಂದಿನ ಸಲ ಹುಣಸೆ ಮರದ ಕೆಳಗೆ ಹಾಕಿದೆ. ಆರನೇ ದಿನ ಚೀಲ ಸರಿಸಿದಾಗ ಹೆಂಟೆಗಳ ಮೇಲೆಲ್ಲ ಹಸಿರು ಹಿಟ್ಟು ಸವರಿದ ಹಾಗಿತ್ತು, ಮಳೆ ಬಿದ್ದ ಮಣ್ಣಿನಂಥ ವಾಸನೆ. ಅವತ್ತಿನ ಖುಷಿ ಇನ್ನೂ ನೆನಪಿದೆ.

ಹಂತ 4: ಹೊಲಕ್ಕೆ

ಹಸಿರು ಬಂದ ಮೇಲೆ ತಡ ಮಾಡದೆ, ನೆಲ ಹಸಿ ಇದ್ದಾಗ, ಸಂಜೆ ಹೊತ್ತು ಬಿತ್ತುವ ಸಾಲಿಗೇ ಹಾಕಿ ಮಣ್ಣು ಮುಚ್ಚಿ. ಬಿತ್ತನೆ ಬೀಜಕ್ಕೂ ಕಿಲೋಗೆ 4 ಗ್ರಾಂ ಪುಡಿ ಲೇಪಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಶಿಲೀಂಧ್ರನಾಶಕವನ್ನು ಇದರ ಜೊತೆ ಬೆರೆಸಬೇಡಿ. ವೈರಿಯನ್ನು ಕೊಲ್ಲುವ ಔಷಧಿಗೆ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ.

ಇಷ್ಟು ಮಾಡಿದರೆ ನೆಟೆ ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಸಾಲುಗಳ ನಡುವೆ ಜೋಳ ಹಾಕಿದರೆ ರೋಗ ಇನ್ನೂ ತಗ್ಗುತ್ತದೆ. ರೋಗ ತಡೆಯುವ ತಳಿಯನ್ನೇ ಆರಿಸಿ. ಬಾಡಿದ ಗಿಡ ಕಂಡರೆ ಕೊಯ್ಲಿನವರೆಗೆ ಕಾಯದೆ ಬೇರು ಸಮೇತ ಕಿತ್ತು, ಹೊಲದ ಹೊರಗೆ ಸುಟ್ಟುಬಿಡಿ. ಮಣ್ಣಲ್ಲಿ ಉಳಿದ ಕೂಳೆಯೊಳಗೆ ಫ್ಯುಸೇರಿಯಂ ಮೂರು ವರ್ಷದವರೆಗೂ ಬದುಕಿರುತ್ತದೆ.